ಏಳನೆಯ ಘಟ್ಟ

ತುರ್ಕು ನಗರ, ಫೆಬ್ರವರಿ. ಔರಾ ನದಿ ಹೆಪ್ಪುಗಟ್ಟಿ
ಮೇಲೆ ಯಾರದೋ ನಾಯಿಯ ಹೆಜ್ಜೆ.
ಎಂಟಾದರೂ ಕಿಟಕಿಗೆ ಬೆಳಕು ಹತ್ತಿಲ್ಲ.
ನನಗೆ ಬೇಕಾದ ಬೆಳಕು ಸೂಕ್ಷ್ಮದರ್ಶಕದ ಅಡಿಯಿಂದ ಬರುತ್ತದೆ.

ಇಲಿಯ ವೃಷಣವೆಂದರೆ ಸಿಕ್ಕುಗೊಂಡ ಉಣ್ಣೆಯ ಉಂಡೆ.
ಗಾಜಿನ ಬಟ್ಟಲಲ್ಲಿ ಎಳೆ ಬಿಡಿಸಿ ಚಾಚಿದರೆ
ಒಂದೇ ನಾಳದುದ್ದಕ್ಕೂ ತಿಳಿ, ಮಬ್ಬು, ಕಪ್ಪು, ಮತ್ತೆ ತಿಳಿ.
ಮೂವತ್ತೊಂದು ವರ್ಷದಿಂದ ಓದುತ್ತಿರುವ ಒಂದೇ ಸಾಲು.
ಹದಿನಾಲ್ಕು ಘಟ್ಟಗಳಲ್ಲಿ ಇದ್ದಿಲಿನಂತೆ ಕಪ್ಪಗಿರುವುದು ಏಳು.
ನನಗಿಂತ ಮೊದಲೇ ಅದು ನನ್ನ ಕತ್ತರಿಗೆ ಗೊತ್ತು.

ಹೊಸ ಹುಡುಗಿ ಸೈಮಿ ಕೇಳಿದಳು:
ಟೆಸ್ಟೋಸ್ಟಿರಾನ್ ಬಂದು ವೀರ್ಯಾಣುವಿಗೆ
ಬೆಳೆ ಅನ್ನುತ್ತದಾ?
ಇಲ್ಲ ಕಣೆ, ಅವಕ್ಕೆ ಕಿವಿಯೇ ಇಲ್ಲ.
ನಾಳದೊಳಗೆ ಆ ಮಾತು ಕೇಳಿಸುವುದು ಸರ್ಟೋಲಿಗೆ,
ಬುಡದಿಂದ ನಡುವಿನವರೆಗೆ ಚಾಚಿ ನಿಂತ ದಾದಿಗೆ.
ಮಾತು ಅವಳ ಕೋಶಕೇಂದ್ರ ಹೊಕ್ಕು, ಡಿಎನ್‌ಎ ಮೇಲೆ ಕೂತು
ಕೆಲವು ಜೀನುಗಳನ್ನು ತಟ್ಟಿ ಎಬ್ಬಿಸುತ್ತದೆ,
ಕೆಲವಕ್ಕೆ ಸುಮ್ಮನಿರು ಅನ್ನುತ್ತದೆ.
ಎದ್ದ ಜೀನುಗಳು ಉಣಿಸುತ್ತವೆ,
ಎಳೆಯವು ಜಾರದ ಹಾಗೆ ಹಿಡಿಯುವ ಕೈ ಹೆಣೆಯುತ್ತವೆ.
ಮಕ್ಕಳಿಗೆ ಅನ್ನ ಗೊತ್ತು. ಅದು ಯಾರ ಅಪ್ಪಣೆಯೆಂದು ಗೊತ್ತಿಲ್ಲ.

ಹಾಗಾದರೆ ಅಪ್ಪಣೆ ನಿಂತರೆ?

ಅದಕ್ಕೇ ಅಲ್ಲವೆ ಈ ಇಲಿಗಳು.
ಕೆಲವೇ ದಿನ. ಮೊದಲು ಏಳನೆಯ ಘಟ್ಟದವು.
ರಂಪವಿಲ್ಲ, ಊತವಿಲ್ಲ.
ತಮ್ಮ ಡಿಎನ್‌ಎ ದಾರವನ್ನು ತಾವೇ ತುಂಡುತುಂಡು ಮಾಡಿ
ಮುದುಡಿ, ಗಂಟುಮೂಟೆ ಕಟ್ಟಿಕೊಳ್ಳುತ್ತವೆ.
ಆಮೇಲೆ ಉಣಿಸಿದವಳೇ ಅವನ್ನು ನುಂಗುತ್ತಾಳೆ.
ಬಣ್ಣ ಹಾಕಿದಾಗ ನಮಗೆ ಕಾಣುವುದು
ಮೇಜುಬಟ್ಟೆಯ ಮೇಲೆ ಚೆಲ್ಲಿದ ಕಾಫಿಯಂಥ ಕಂದು ಚುಕ್ಕೆಗಳು.
ನನ್ನ ಕೆಲಸ ಎಣಿಸುವುದು.

ಶನಿವಾರ ಮಗ ಬಂದಿದ್ದ, ಯೂಸೊ.
ಸೌನಾದಿಂದ ಎದ್ದು ಹೊರಗೆ, ಹಿಮದ ಮೆಟ್ಟಿಲ ಮೇಲೆ
ಟವಲು ಸುತ್ತಿ ಕೂತಿದ್ದ. ಬಾಗಿಲಿನಷ್ಟು ಅಗಲದ ಭುಜ,
ಅದರ ಮೇಲಿಂದ ಏಳುವ ಹಬೆ. ಬಿಯರ್ ಕೊಟ್ಟೆ.
ಜಾಕೆಟ್ಟಿನಿಂದ ಒಂದು ಹಾಳೆ ತೆಗೆದು ಕೊಟ್ಟ.
ಕೈಸು ಮತ್ತವನು ಒಂದು ವರ್ಷದಿಂದ ಕಾಯುತ್ತಿದ್ದಾರೆ.
ಆಸ್ಪತ್ರೆಯ ಹಾಳೆಯಲ್ಲಿ ಒಂದೇ ಅಂಕಿ. ಸೊನ್ನೆ.

ಎಷ್ಟು ದಿನದಿಂದ ಚುಚ್ಚಿಕೊಳ್ಳುತ್ತಿದ್ದೀಯ?
ತಲೆ ಎತ್ತಿದ. ಹೇಗೆ ಗೊತ್ತಾಯಿತು ಅನ್ನಲಿಲ್ಲ.
ಒಂದೂವರೆ ವರ್ಷ, ವಾರಕ್ಕೊಂದು. ಜಿಮ್ಮಿನಲ್ಲಿ ಎಲ್ಲರೂ...
ಅದು ಗಂಡಸಿನ ಹಾರ್ಮೋನು ತಾನೆ, ಅಮ್ಮಾ?

ನಗು ಬರಲಿಲ್ಲ.
ಊರಿಗೆ ಉಪಕಾರಿ, ಮನೆಗೆ ಮಾರಿ ಕಣೋ ಅದು.
ರಕ್ತದಲ್ಲಿ ಹೊಳೆ ಹರಿಯುವುದು ನೋಡಿ
ಮಿದುಳಿನಡಿಯ ಬಟಾಣಿಯಷ್ಟು ಗ್ರಂಥಿ
ಇನ್ನು ಕೆಳಗಿನ ಕಾರ್ಖಾನೆಗೆ ಕಾಗದ ಏಕೆ ಅಂದುಕೊಳ್ಳುತ್ತದೆ.
ಕಾಗದ ನಿಂತರೆ ಲೇಡಿಗ್ ಕೋಶಗಳು ಬೀಗ ಹಾಕುತ್ತವೆ.
ಅಲ್ಲಿ ಒಳಗೆ ಬೇಕಾದದ್ದು ರಕ್ತದಲ್ಲಿರುವುದರ ಹತ್ತಾರು ಪಟ್ಟು;
ಸೂಜಿಯಿಂದ ಅಷ್ಟು ಹೋಗುವುದಿಲ್ಲ.
ಭುಜಕ್ಕೆ ಹಬ್ಬ, ಅಲ್ಲಿ ಉಪವಾಸ.

ಇಷ್ಟೆಲ್ಲ ಹೇಳಿದೆನೋ, ಅರ್ಧ ನುಂಗಿದೆನೋ.
ದಾದಿ ನುಂಗುವ ವಿಷಯವಂತೂ ಹೇಳಲಿಲ್ಲ.

ವಾಪಸ್ಸು ಬರುತ್ತಾ ಅಂತ ಕೇಳಿದ, ಆರು ವರ್ಷದವನ ದನಿಯಲ್ಲಿ.
ಗೋಡೆಗೆ ಒತ್ತಿ ಕೂತ ಮೂಲಕೋಶಗಳು ಸಾಮಾನ್ಯವಾಗಿ
ಉಳಿದಿರುತ್ತವೆ ಅಂದೆ. ಸೂಜಿ ಬಿಡು,
ನಿನ್ನಷ್ಟಕ್ಕೆ ನೀನೇ ಬೇಡ, ವೈದ್ಯರನ್ನು ಕೇಳಿ ಬಿಡು.
ಒಂದು ಸುತ್ತಿಗೆ ಎರಡೂವರೆ ತಿಂಗಳು. ಎಷ್ಟು ಸುತ್ತು ಬೇಕೋ,
ಇಲಿಗಾದರೆ ಹೇಳಿಬಿಡುತ್ತಿದ್ದೆ.
ಒಳಗೆ ಕೈಸು ಕಾದ ಕಲ್ಲಿಗೆ ನೀರೆರಚಿದ ಸದ್ದು.
ಅವನು ಬಿಯರ್ ಮುಟ್ಟಿರಲಿಲ್ಲ, ಮೇಲೆ ಮಂಜು ಕಟ್ಟಿತ್ತು.

ಸೋಮವಾರ ಅದೇ ಮಸೂರ, ಅದೇ ಕಂದು.
ಪಕ್ಕದಲ್ಲಿ ಸೈಮಿ ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು.
ನಲವತ್ತೊಂದರಲ್ಲಿ ಲೆಕ್ಕ ತಪ್ಪಿತು.
ಕನ್ನಡಕ ಒರೆಸಿಕೊಂಡೆ.
ಬರೆದದ್ದು ಅಳಿಸು ಹುಡುಗಿ,
ಮೊದಲಿನಿಂದ ಎಣಿಸುತ್ತೇನೆ.